ಏಳನೇ ನಂಬರಿನವನು ಎಲ್ಲಿ ಹೋದ?

ಬಂದವನು ಒಂದಲ್ಲ ಒಂದು ದಿನ ಹೋಗಲೇಬೇಕು. ಈ ಮಾತನ್ನು ದೊಡ್ಡವರು ಬೇರೆ ಅರ್ಥದಲ್ಲಿ ಹೇಳಿರಬಹುದು. ಬಸ್ ನಿಲ್ದಾಣದ ಎದುರಿನ ಹದಿನಾಲ್ಕು ಕೋಣೆಗಳ ಲಾಡ್ಜಿನಲ್ಲಿ ಅದಕ್ಕಿದ್ದದ್ದು ಒಂದೇ ಅರ್ಥ. ರಿಜಿಸ್ಟರಿನ ಎಡಪುಟದಲ್ಲಿ ಬಂದವನ ಹೆಸರು, ಊರು, ಬಂದ ಕಾರಣ, ಬಂದ ಹೊತ್ತು. ಬಲಪುಟದಲ್ಲಿ ಹೋದ ಹೊತ್ತು, ಪಕ್ಕದಲ್ಲಿ ರುಜು. ಎಡಕ್ಕೆ ಬಂದ ಮನುಷ್ಯ ಬಲಕ್ಕೆ ಹೋಗದೆ ಉಳಿದದ್ದು ಇಪ್ಪತ್ತೇಳು ವರ್ಷಗಳಲ್ಲಿ ಒಮ್ಮೆಯೂ ಇಲ್ಲ ಎಂದು ಅಲ್ಲಿನ ಗುಮಾಸ್ತ ಎದೆ ಸೆಟೆಸಿ ಹೇಳುತ್ತಿದ್ದ. ಪಾಪ, ಹೇಳಬಾರದಿತ್ತು.

ಈ ಗುಮಾಸ್ತನಿಗೆ ಬೀದಿಯವರು ಇಟ್ಟ ಹೆಸರು ನೋಡೋಣಪ್ಪ. ರೂಮು ಖಾಲಿ ಇದೆಯಾ ಅಂದರೂ "ನೋಡೋಣ", ನಾಳೆ ಮಳೆ ಬರುತ್ತಾ ಅಂದರೂ "ನೋಡೋಣ", ಹುಡುಗಿ ಒಪ್ಪಿಗೆಯಾ ಎಂದು ಹಿಂದೆ ಮಾವನವರು ಕೇಳಿದಾಗಲೂ "ನೋಡೋಣ" ಅಂದಿದ್ದನಂತೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಆದರೆ ಬರೆಯಲು ಕುಳಿತನೋ, ಮನುಷ್ಯನೇ ಬೇರೆ. ಅಕ್ಷರ ಅಂದರೆ ಮುತ್ತು ಪೋಣಿಸಿದ ಹಾಗೆ. ತನ್ನ ಅಕ್ಷರದ ಚಂದ ನೋಡಿ ಇನ್ನೊಂದು ದಿನ ಹೆಚ್ಚಿಗೆ ತಂಗಿದವರಿದ್ದಾರೆ ಎಂಬುದು ಅವನ ನಂಬಿಕೆ. ಅವರು ತಂಗಿದ್ದು ಬಸ್ಸು ತಪ್ಪಿದ್ದಕ್ಕೆ ಎಂಬುದು ಹೆಂಡತಿಯ ನಂಬಿಕೆ.

ಲಾಡ್ಜಿನ ಯಜಮಾನರು ಆ ತಿಂಗಳು ಒಂದು ಮಾತು ಕೊಟ್ಟಿದ್ದರು. "ಏನಯ್ಯಾ, ಲೈಸೆನ್ಸಿನ ತಪಾಸಣೆ ಒಂದು ಸುಸೂತ್ರವಾಗಿ ಮುಗೀಲಿ. ಮರುದಿನದಿಂದ ಆ ಕುರ್ಚಿ ನಿಂದು."

ಆ ಕುರ್ಚಿ ಅಂದರೆ ಗಾಜಿನ ಗೂಡಿನೊಳಗಿನ ಮ್ಯಾನೇಜರ್ ಕುರ್ಚಿ. ಅದಕ್ಕೆ ಚಕ್ರ ಇತ್ತು, ಒರಗು ಇತ್ತು, ಕೈ ಇಡಲು ಜಾಗ ಇತ್ತು. ನೋಡೋಣಪ್ಪ ಇಷ್ಟು ವರ್ಷ ಕೂತದ್ದು ಒಂದು ಕಾಲು ಗಿಡ್ಡವಾದ ಸ್ಟೂಲಿನ ಮೇಲೆ. ಹಾಗಾಗಿ ಅವನ ನಡಿಗೆಯೇ ಕೊಂಚ ಎಡಕ್ಕೆ ವಾಲಿಕೊಂಡಿತ್ತು. ದಿನಾ ಬೆಳಗ್ಗೆ ಯಾರೂ ಇಲ್ಲದ ಹೊತ್ತು ನೋಡಿ ಗೂಡಿನೊಳಗೆ ಹೋಗಿ ಕುರ್ಚಿಯ ಧೂಳು ಹೊಡೆದು ಬರುತ್ತಿದ್ದ. ಕೂರುತ್ತಿರಲಿಲ್ಲ. ಕೂರುವುದು ಹಕ್ಕಿನಿಂದ ಕೂರಬೇಕು.

ತಪಾಸಣೆಯ ಅಧಿಕಾರಿಗಳಲ್ಲಿ ಎರಡು ಬಗೆ, ರುಜು ಹಾಕುವವರು ಮತ್ತು ಓದುವವರು. ಈವರೆಗೆ ಬಂದವರೆಲ್ಲ ಮೊದಲ ಬಗೆಯವರು. ಹಳೆಯ ರಿಜಿಸ್ಟರುಗಳ ಕಟ್ಟಿಗೆ ಕೈ ಮುಟ್ಟಿಸಿ, ಧೂಳಿಗೆ ಎರಡು ಸಲ ಸೀನಿ, ರುಜು ಹಾಕಿ ಹೊರಡುವ ಪುಣ್ಯಾತ್ಮರು. ಈ ಸಲ ಬಂದವರು ಕನ್ನಡಕದ ಜತೆಗೆ ಭೂತಗನ್ನಡಿಯನ್ನೂ ತಂದಿದ್ದರು. ಬೆರಳು ನೆಕ್ಕಿ ಪುಟ ತಿರುಗಿಸುತ್ತ ಎರಡು ದಿನ ಕಾದಂಬರಿ ಓದುವವರ ಹಾಗೆ ಓದಿದರು. ಮೂರನೇ ದಿನ ಬೆಳಗ್ಗೆ ಹನ್ನೊಂದಕ್ಕೆ ಅವರ ಬೆರಳು ಬಲಪುಟದ ಒಂದು ಖಾಲಿ ಚೌಕದ ಮೇಲೆ ನಿಂತಿತು.

"ಗುಮಾಸ್ತರೇ, ಇಪ್ಪತ್ತೆರಡು ವರ್ಷದ ಹಿಂದೆ ಏಳನೇ ನಂಬರಿಗೆ ಒಬ್ಬ ಬಂದಿದ್ದಾನೆ."

"ಬಂದಿರಬಹುದು ಸಾರ್."

"ಹೆಸರು ಅನ್ನೋ ಕಡೆ 'ಪ್ರಯಾಣಿಕ' ಅಂತಿದೆ. ಊರು ಅನ್ನೋ ಕಡೆ 'ಪರದೇಶ'. ಬಂದ ಕಾರಣ, 'ಹೇಳಲಾಗದು'."

"ಅಕ್ಷರ ಚೆನ್ನಾಗಿದೆ ಅಲ್ವಾ ಸಾರ್?"

"ಬಹಳ ಚೆನ್ನಾಗಿದೆ. ಆದರೆ ಆ ಮನುಷ್ಯ ಹೋಗೇ ಇಲ್ಲ."

ನೋಡೋಣಪ್ಪ ಬಗ್ಗಿ ನೋಡಿದ. ಆ ಪುಟ ಒಂದೇ ಏಟಿಗೆ ನೆನಪಾಯಿತು. ಅದು ಸಿನಿಮಾ!

ಇಪ್ಪತ್ತೆರಡು ವರ್ಷಗಳ ಹಿಂದೆ 'ಪರದೇಶದ ಪಾಶ' ಎಂಬ ಪತ್ತೇದಾರಿ ಸಿನಿಮಾದವರು ಒಂದು ಹಳೇ ವ್ಯಾನಿನಲ್ಲಿ ಬಂದಿಳಿದಿದ್ದರು. ಪರದೇಶಕ್ಕೆ ಹೋದ ಪ್ರಯಾಣಿಕನೊಬ್ಬ ಹೋಟೆಲಿನ ಕೋಣೆಯಿಂದ ಮಾಯವಾಗುತ್ತಾನೆ, ಎಲ್ಲರೂ ಹುಡುಕುತ್ತಾರೆ, ಇಷ್ಟು ಕಥೆ. ಪರದೇಶಕ್ಕೆ ಹೋಗುವ ಶಕ್ತಿ ಸಿನಿಮಾದವರಿಗೆ ಇರಲಿಲ್ಲ, ಈ ಬೀದಿಗೆ ಬರುವಷ್ಟು ಇತ್ತು. ಆದ್ದರಿಂದ ಬೀದಿಯೇ ಪರದೇಶವಾಯಿತು. ನಿರ್ದೇಶಕರು ಒಣಗಲು ಹಾಕಿದ್ದ ಬಟ್ಟೆ ತೆಗೆಸಿದರು, ಸೈಕಲ್ಲುಗಳನ್ನು ಒಳಗಿಡಿಸಿದರು, ಎಲ್ಲರೂ ಬೂಟು ಹಾಕಬೇಕು, ಯಾರೂ ಬಾಯಿ ಬಿಡಬಾರದು ಅಂದರು. ಮಂಜು ಬೇಕೆಂದು ಒದ್ದೆ ಹುಲ್ಲು ಸುಟ್ಟರು. ಬೀದಿಯವರು ಮೂರು ದಿನ ಕೆಮ್ಮುತ್ತ ಕೆಮ್ಮುತ್ತ ಪರದೇಶದವರಾಗಿದ್ದರು.

ಹೋಟೆಲಿನ ಪುಸ್ತಕದಲ್ಲಿ ಹೆಸರು ಬರೆಯುವ ದೃಶ್ಯ ಬಂತು. ಸಿನಿಮಾದವರ ಹತ್ತಿರ ಇದ್ದದ್ದು ನಾಲ್ಕು ಹಾಳೆಗೆ ರಟ್ಟು ಅಂಟಿಸಿದ ಪುಸ್ತಕ. ಬರೆಯುವವನ ಅಕ್ಷರವೋ, ಕೋಳಿ ಕೆದರಿದ ಹಾಗೆ. ನೋಡೋಣಪ್ಪನಿಗೆ ತಡೆಯಲಾಗಲಿಲ್ಲ. "ಸಾರ್, ಇಂಥ ಅಕ್ಷರ ತೋರಿಸಿದರೆ ದೇಶದ ಮರ್ಯಾದೆ ಏನಾಗಬೇಕು?" ಎಂದು, ಯಾವ ದೇಶದ ಮರ್ಯಾದೆ ಎಂದು ಯಾರಾದರೂ ಕೇಳುವ ಮೊದಲೇ, ತನ್ನ ನಿಜವಾದ ರಿಜಿಸ್ಟರನ್ನು ಬಿಚ್ಚಿ ತಾನೇ ಬರೆದ. ಕ್ಯಾಮರಾ ಅವನ ಕೈಯನ್ನು ಹತ್ತಿರದಿಂದ ಹಿಡಿಯಿತು. ಮರುದಿನ ಆ ಸಾಲು ಹೊಡೆದುಹಾಕಬೇಕು ಅಂದುಕೊಂಡಿದ್ದ. ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿ ಬಂದಿತ್ತು. ಯಜಮಾನರು ಆ ವಾರ ಮಗಳ ಊರಿಗೆ ಹೋಗಿದ್ದರು. ಸಿನಿಮಾ ನೋಡುವ ಅಭ್ಯಾಸ ಅವರಿಗಿಲ್ಲ. ಅವರಿಗೆ ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ.

"ಇದು ಸಿನಿಮಾ ಸಾರ್" ಎಂದು ಅಲ್ಲೇ ಅಂದಿದ್ದರೆ ಅರ್ಧ ಗಂಟೆಯ ಬೈಗುಳದಲ್ಲಿ ಮುಗಿಯುತ್ತಿತ್ತು. ಆದರೆ ಯಜಮಾನರು ಪಕ್ಕದಲ್ಲೇ ನಿಂತಿದ್ದರು. ರಿಜಿಸ್ಟರಿನಲ್ಲಿ ಸುಳ್ಳು ಬರೆದವನನ್ನು ಯಾರು ಮ್ಯಾನೇಜರ್ ಮಾಡುತ್ತಾರೆ?

"ನೋಡೋಣ ಸಾರ್" ಅಂದ.

"ಏನು ನೋಡೋದು?"

"ಎಲ್ಲಿ ಹೋದ ಅಂತ."

ಅಧಿಕಾರಿಗಳು ಭೂತಗನ್ನಡಿ ಕೆಳಗಿಟ್ಟರು. "ಅಂದರೆ ನಿಮಗೂ ಗೊತ್ತಿಲ್ಲ! ಪರದೇಶದ ಪ್ರಜೆ ಒಬ್ಬ ನಿಮ್ಮ ಲಾಡ್ಜಿನಲ್ಲಿ ಕಾಣೆಯಾಗಿದ್ದಾನೆ. ನಾಳೆಯಿಂದ ವಿಚಾರಣೆ. ಯಾರೂ ಊರು ಬಿಡಬಾರದು."

ಊರು ಬಿಡುವುದಿರಲಿ, ನೋಡೋಣಪ್ಪ ಹಾಸಿಗೆ ಬಿಡುವ ಸ್ಥಿತಿಯಲ್ಲೂ ಇರಲಿಲ್ಲ. ಲಾಡ್ಜಿನ ಹಿತ್ತಲಿಗೆ ಅಂಟಿಕೊಂಡ ಎರಡು ಕೋಣೆಯೇ ಅವನ ಮನೆ. ಮಧ್ಯಾಹ್ನವೇ ಮುಸುಕು ಹಾಕಿ ಮಲಗಿದವನನ್ನು ಎಬ್ಬಿಸಲು ಹೆಂಡತಿಯ ತಮ್ಮ ಬಂದ. ಇವನು ಒಬ್ಬ ವಕೀಲರ ಬಳಿ ಕಾಗದ ಜೋಡಿಸುವ ಕೆಲಸದಲ್ಲಿದ್ದ. ಕಾಗದ ಜೋಡಿಸಿ ಜೋಡಿಸಿ ಕಾನೂನು ತಾನಾಗಿಯೇ ಮೈಗೆ ಹತ್ತಿದೆ ಎಂಬುದು ಅವನ ಅಂಬೋಣ.

"ರೀ, ಸಿನಿಮಾ ಅಂತ ಹೇಳಿಬಿಡಿ. ಸತ್ಯ ಹೇಳೋಕೆ ಏನು ದಾಡಿ?" ಅಂದಳು ಹೆಂಡತಿ.

"ಅಕ್ಕ, ನೀನು ಸುಮ್ನಿರು. ಭಾವ, ನೀವು ಬಾಯಿ ಬಿಟ್ರೆ ಕುರ್ಚಿ ಹೋಯ್ತು. ಕೇಳಿದ್ದಕ್ಕಷ್ಟೇ ಉತ್ತರ. ಒಂದು ಮಾತು ಹೆಚ್ಚಿಲ್ಲ. ಸಿನಿಮಾ ಅನ್ನೋ ಶಬ್ದ ಯಾರ ಬಾಯಲ್ಲೂ ಬರಬಾರದು. ಕೋರ್ಟಿನಲ್ಲಿ ಗೆದ್ದವರೆಲ್ಲ ಕಡಿಮೆ ಮಾತಾಡಿದವರೇ."

"ಸೋತವರು?" ಮುಸುಕಿನೊಳಗಿನಿಂದ ಕೇಳಿದ ನೋಡೋಣಪ್ಪ.

"ಅವರೂ ಕಡಿಮೆನೇ ಮಾತಾಡಿದ್ರು. ಆದ್ರೆ ತಡವಾಗಿ."

ನೋಡೋಣಪ್ಪನಿಗೆ ಇದು ಅರ್ಥವಾಗಲಿಲ್ಲ. ಅರ್ಥವಾಗದ್ದೆಲ್ಲ ಕಾನೂನೇ ಇರಬೇಕು ಎಂದು ಒಪ್ಪಿಕೊಂಡ. ಭಾವಮೈದ ಬೀದಿಯ ಮನೆ ಮನೆಗೆ ಹೋಗಿ ಅದೇ ಪಾಠ ಹೇಳಿ ಬಂದ.

ಮರುದಿನ ವಿಚಾರಣೆ ಶುರುವಾಯಿತು. ಮೊದಲ ಸಾಕ್ಷಿ ಎದುರಿನ ಕಟಿಂಗ್ ಅಂಗಡಿಯವನು.

"ಈ ಪ್ರಯಾಣಿಕನನ್ನು ನೋಡಿದ್ದೀಯಾ?"

"ನೋಡಿದ್ದೀನಿ ಸಾರ್. ಶೇವಿಂಗೂ ಮಾಡಿದ್ದೀನಿ."

"ಮುಖ ಹೇಗಿತ್ತು?"

"ಎಡಗೆನ್ನೆ ಚೆನ್ನಾಗಿತ್ತು."

"ಬಲಗೆನ್ನೆ?"

"ಬಲಗೆನ್ನೆ ಮುಟ್ಟಬೇಡ ಅಂದ್ರು."

"ಯಾರು ಅಂದ್ರು?"

ಅಂಗಡಿಯವನು ಕಿಟಕಿಯಾಚೆ ನಿಂತಿದ್ದ ಭಾವಮೈದನ ಕಡೆ ನೋಡಿದ. ಭಾವಮೈದ ತುಟಿಯ ಮೇಲೆ ಬೆರಳಿಟ್ಟ. "ಜತೆಗಿದ್ದವರು ಸಾರ್. ಹನ್ನೆರಡು ಜನ ಇದ್ರು. ದೊಡ್ಡ ದೊಡ್ಡ ದೀಪ ಹಿಡಿದಿದ್ರು."

ಅಧಿಕಾರಿಗಳು ಬರೆದುಕೊಂಡರು: *ಹನ್ನೆರಡು ಜನರ ತಂಡ. ಮುಖಕ್ಕೆ ಬೆಳಕು ಬಿಟ್ಟು ಹಿಂಸೆ. ಅರ್ಧ ಗಡ್ಡ.*

ಆಮೇಲೆ ಬಂದವಳು ಮೂಲೆಯ ಇಸ್ತ್ರಿ ಗಾಡಿಯ ಹೆಂಗಸು. "ನಡೆದುಕೊಂಡು ಹೋದ ಸಾಮಿ, ಆರು ಸಲ. ಈ ಮೂಲೆಯಿಂದ ಆ ಮೂಲೆಗೆ. ಹೋಗೋದು, ವಾಪಸ್ಸು ಬರೋದು, ಮತ್ತೆ ಹೋಗೋದು. ಹೋಗುವಾಗೆಲ್ಲ ಹೆದರಿಕೊಂಡು ಹಿಂದಕ್ಕೆ ನೋಡ್ತಿದ್ದ."

"ಹಿಂದೆ ಯಾರಿದ್ರು?"

"ನಾನೇ ಇದ್ದೆ."

"ನೀನ್ಯಾಕಮ್ಮ ಹಿಂಬಾಲಿಸಿದೆ?"

"ಅದಕ್ಕೇ ಅಲ್ವಾ ನಂಗೆ ಬೂಟು ಕೊಟ್ಟಿದ್ದು!"

ಅಧಿಕಾರಿಗಳು ಹೊಸ ಹಾಳೆ ತೆಗೆದು ಬರೆದುಕೊಂಡರು. ಇಪ್ಪತ್ತು ವರ್ಷ ರಿಜಿಸ್ಟರು ಓದಿದ ಮನುಷ್ಯನಿಗೆ ಮೊದಲ ಬಾರಿಗೆ ಒಂದು ಕಥೆ ಸಿಕ್ಕಿತ್ತು. ಬೀದಿಯ ಬಾಯಿಗೆ ಬೀಗ ಹಾಕಿದ ಭಾವಮೈದನಿಗೆ ಸಂಜೆಯ ಹೊತ್ತಿಗೆ ಅದನ್ನು ತೆಗೆಯುವುದು ಹೇಗೆಂದು ತಿಳಿಯದಾಯಿತು. ಪಕ್ಕದ ಬೀದಿಯಲ್ಲಿ ಇಬ್ಬರು ಕಾಣೆಯಾದ ಸುದ್ದಿ ಇತ್ತು. ಅದರಾಚೆಯ ಬೀದಿಯಲ್ಲಿ ನಾಲ್ವರು, ಜತೆಗೆ ಒಂದು ವ್ಯಾನು.

ವಿಚಾರಣೆಯ ಮೂರನೇ ದಿನ ಅಧಿಕಾರಿಗಳು ಏಳನೇ ನಂಬರಿನ ಗೋಡೆಗಳನ್ನು ಬೆರಳಿನಿಂದ ಬಡಿದರು, ಮಂಚದ ಕೆಳಗೆ ತೆವಳಿದರು, ಕಿಟಕಿಯಿಂದ ಹಿತ್ತಲನ್ನು ನೋಡಿದರು. ನಲ್ಲಿಯ ಪಕ್ಕದಲ್ಲಿ ಮಣ್ಣು ಸ್ವಲ್ಪ ಉಬ್ಬಿತ್ತು.

"ಏನಯ್ಯಾ," ಯಜಮಾನರು ನೋಡೋಣಪ್ಪನ ಕಿವಿಯ ಹತ್ತಿರ ಬಂದು ಕೇಳಿದರು, "ಹಿತ್ತಲಲ್ಲಿ ಏನಾದ್ರೂ ಹೂತಿದ್ದೀಯಾ?"

ಕೇಳಿದವರು ಯಜಮಾನರು. ಹೇಳಬೇಕಾದದ್ದು 'ಇಲ್ಲ'. ಬಾಯಿಗೆ ಬಂದದ್ದು, "ನೋಡೋಣ ಯಜಮಾನರೇ."

"ಗುದ್ದಲಿ ತರಿಸಿ!" ಅಂದರು ಅಧಿಕಾರಿಗಳು.

ಬೀದಿಗೆ ಬೀದಿಯೇ ಹಿತ್ತಲಿನ ಗೋಡೆಯ ಮೇಲೆ ಹತ್ತಿ ಕೂತಿತು. ಎರಡಡಿ ಆಳದಲ್ಲಿ ಗುದ್ದಲಿಗೆ ಏನೋ ತಗುಲಿತು. ಒಂದು ಬೂಟು! ಅಧಿಕಾರಿಗಳು ಕರವಸ್ತ್ರದಲ್ಲಿ ಅದನ್ನು ಎತ್ತಿ ಹಿಡಿದರು. "ಇದು ಯಾರದು?"

"ಅಯ್ಯೋ, ನಂದು!" ಇಸ್ತ್ರಿಯವಳು ಗೋಡೆಯಿಂದ ಧುಮುಕಿದಳು. "ಆ ಹಾಳು ನಾಯಿ ಇಲ್ಲಿ ತಂದು ಹೂತಿತ್ತಾ! ಒಂಟಿ ಬೂಟು ಇಟ್ಕೊಂಡು ಇಷ್ಟು ವರ್ಷ ಕಾಯ್ತಿದ್ದೀನಲ್ಲೋ!"

ಆಗ ನೋಡೋಣಪ್ಪನ ಕಟ್ಟೆ ಒಡೆಯಿತು. "ಸಿನಿಮಾ ಸಾರ್! ಎಲ್ಲಾ ಸಿನಿಮಾ! ಅವನೂ ಸಿನಿಮಾ, ಬೂಟೂ ಸಿನಿಮಾ, ನಾನು ಬರೆದದ್ದೂ ಸಿನಿಮಾ!"

"ಸಿಕ್ಕಿಬಿದ್ದವರೆಲ್ಲ ಏನಾದರೊಂದು ಹೇಳ್ತಾರೆ. ಸಿನಿಮಾ ಅಂದವನು ನೀನೇ ಮೊದಲು. ಸರಿ, ಆ ಪ್ರಯಾಣಿಕ ಪರದೇಶದವನು ತಾನೆ?"

"ಇಲ್ಲ ಸಾರ್, ನಮ್ಮವನೇ."

"ಮತ್ತೆ ಪರದೇಶ ಅಂತ ಬರೆದಿದ್ದೀಯಾ?"

"ಅವನು ನಮ್ಮವನೇ ಸಾರ್. ಆದರೆ ಅವತ್ತು ನಾವು ಪರದೇಶದವರಾಗಿದ್ವಿ."

ಅಧಿಕಾರಿಗಳು ಪೆನ್ನಿಗೆ ಮುಚ್ಚಳ ಹಾಕಿ ಒಂದು ಲೋಟ ನೀರು ಕೇಳಿದರು.

ಯಜಮಾನರು ನೋಡೋಣಪ್ಪನನ್ನು ಒಮ್ಮೆ ನೋಡಿದರು, ಗಾಜಿನ ಗೂಡಿನ ಕಡೆ ಒಮ್ಮೆ ನೋಡಿದರು. ಅಷ್ಟು ಸಾಕಾಗಿತ್ತು.

ಪುಣ್ಯಕ್ಕೆ ಹಳೇ ಚಿತ್ರಮಂದಿರದಲ್ಲಿ ರೀಲು ಓಡಿಸುತ್ತಿದ್ದ ಮುದುಕ ಇನ್ನೂ ಬದುಕಿದ್ದ. ಅವನನ್ನು ಎಲ್ಲರೂ ರೀಲುತಾತ ಅನ್ನುತ್ತಿದ್ದರು. 'ಪರದೇಶದ ಪಾಶ'ದ ಡಬ್ಬಿಗಳನ್ನು ಯಾರೂ ವಾಪಸ್ಸು ಕೇಳಿರಲಿಲ್ಲ. ಅವನು ಅವುಗಳ ಮೇಲೆ ಹಲಗೆ ಹಾಕಿ ಮಲಗುತ್ತಿದ್ದ. ಲಾಡ್ಜಿನ ಊಟದ ಹಾಲಿನ ಕಿಟಕಿಗಳಿಗೆ ಕಂಬಳಿ ಕಟ್ಟಿದರು. ಏಳನೇ ನಂಬರಿನ ಬಿಳಿ ದುಪ್ಪಟಿಯೇ ಪರದೆಯಾಯಿತು. ಮಧ್ಯಾಹ್ನ ಎರಡು ಗಂಟೆಗೆ ಬೀದಿಯವರೆಲ್ಲ ಸಾಕ್ಷಿಗಳೆಂಬ ಹೆಸರಿನಲ್ಲಿ ಪ್ರೇಕ್ಷಕರಾಗಿ ನೆರೆದರು. ಮುಂದಿನ ಸಾಲಿನಲ್ಲಿ ಅಧಿಕಾರಿಗಳು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು.

ದುಪ್ಪಟಿಯ ಮೇಲೆ ಹುಲ್ಲಿನ ಹೊಗೆ ಹರಡಿತು. ಪರದೇಶ ಮೂಡಿತು. ಅರ್ಧ ಶೇವಿಂಗ್ ಬಂತು, ಇಸ್ತ್ರಿಯವಳು ಬೂಟು ಹಾಕಿಕೊಂಡು ಹಿಂಬಾಲಿಸಿದಳು. ಆಮೇಲೆ ಹಸಿರು ರಿಜಿಸ್ಟರಿನ ಮೇಲೆ ಒಂದು ಕೈ ಬಂದು 'ಪ್ರಯಾಣಿಕ' ಎಂದು ಬರೆಯಿತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು. ನೋಡೋಣಪ್ಪ ತಾನು ಅಪರಾಧಿ ಎಂಬುದನ್ನು ಮರೆತು ಎದ್ದು ನಿಂತು ಕೈಮುಗಿದ.

ಅಧಿಕಾರಿಗಳು ಮಾತ್ರ ಅತ್ತ ಇತ್ತ ನೋಡಲಿಲ್ಲ. ಫೈಲು ತೊಡೆಯಿಂದ ಜಾರಿ ಬಿದ್ದದ್ದೂ ಅವರಿಗೆ ತಿಳಿಯಲಿಲ್ಲ. ಪ್ರಯಾಣಿಕ ಮಾಯವಾದ. ಒಂದೂವರೆ ಗಂಟೆ ಪತ್ತೇದಾರ ಹುಡುಕಿದ. ಕೊನೆಗೆ ಪತ್ತೇದಾರ ಪರದೆಯಿಂದ ನೇರವಾಗಿ ಇವರನ್ನೇ ನೋಡುತ್ತ "ಹಾಗಾದರೆ ಪ್ರಯಾಣಿಕ ಎಲ್ಲಿ ಹೋದ?" ಎಂದ. ಟಪ್ ಎಂದು 'ಶುಭಂ' ಬಿತ್ತು.

"ಏನು ಶುಭಂ!" ಅಧಿಕಾರಿಗಳು ಎದ್ದು ನಿಂತರು. "ಎಲ್ಲಿ ಹೋದ? ಮುಂದಿನ ರೀಲು ಹಾಕಿ!"

"ಮುಂದಿನದು ಇಲ್ಲ ಸಾಹೇಬರೇ" ಅಂದ ರೀಲುತಾತ. "ಕೊನೇ ದೃಶ್ಯದಲ್ಲಿ ಅವನು ಸಿಗಬೇಕಿತ್ತು. ಆದ್ರೆ ಅದನ್ನ ತೆಗೆಯೋ ಹಿಂದಿನ ಸಂಜೆ ಆ ಹೀರೋನೇ ನಾಪತ್ತೆಯಾದ. ಏಳನೇ ನಂಬರಲ್ಲಿ ಮೂರು ದಿನ ಇದ್ದವನು ಯಾರಿಗೂ ಹೇಳದೆ ಮಂಗಮಾಯ. ನಿರ್ದೇಶಕರು ಎರಡು ದಿನ ಕಾದು, ಸಿಕ್ಕಷ್ಟೇ ಸಿನಿಮಾ ಅಂತ ಶುಭಂ ಹಾಕಿಬಿಟ್ರು. ಆ ಹುಡುಗನ ಸುಳಿವು ಆಮೇಲೆ ಸಿಗಲೇ ಇಲ್ಲ."

ಅಧಿಕಾರಿಗಳು ನಿಧಾನವಾಗಿ ಬಗ್ಗಿ ಫೈಲು ಎತ್ತಿಕೊಂಡರು.

"ಅಂದರೆ ಹೆಸರು ಸುಳ್ಳು, ಮಲಗಿದವನು ನಿಜ. ಒಬ್ಬ ಮನುಷ್ಯ ಈ ಲಾಡ್ಜಿಗೆ ಬಂದಿದ್ದಾನೆ. ಹೋಗಿಲ್ಲ. ಫೈಲು ಮುಚ್ಚೋಕೆ ಬರೋದಿಲ್ಲ. ಲೈಸೆನ್ಸೂ ಇಲ್ಲ."

ಯಜಮಾನರು ನೋಡೋಣಪ್ಪನ ತೋಳು ಹಿಡಿದು ಮೂಲೆಗೆ ಎಳೆದರು. "ಆದದ್ದಾಯ್ತು ಬಿಡಯ್ಯಾ. ಆ ಖಾಲಿ ಚೌಕದಲ್ಲಿ 'ಹೋದರು' ಅಂತ ಒಂದು ಸಾಲು ಬರೆದುಬಿಡು. ಅಧಿಕಾರಿಗಳನ್ನ ಚಹಾಕ್ಕೆ ಕರ್ಕೊಂಡು ಹೋಗ್ತೀನಿ, ಬರೋದರೊಳಗೆ ಶಾಯಿ ಒಣಗಿರುತ್ತೆ. ಲೈಸೆನ್ಸೂ ಉಳಿಯುತ್ತೆ, ನಿನ್ನ ಕುರ್ಚಿನೂ ಉಳಿಯುತ್ತೆ."

ನೋಡೋಣಪ್ಪ ರಿಜಿಸ್ಟರು ತೆರೆದು ಪೆನ್ನು ಬಿಚ್ಚಿದ. ಚೌಕದ ಮೇಲೆ ಹಿಡಿದ. ಕೈ ಓಡಲಿಲ್ಲ. ಬಾಗಿಲಾಚೆ ಗಾಜಿನ ಗೂಡಿನೊಳಗೆ ಕುರ್ಚಿ ಕಾಣುತ್ತಿತ್ತು, ಅದರ ಒರಗೂ ಕಾಣುತ್ತಿತ್ತು. ಬೆವರೊರೆಸಿಕೊಂಡು ಪೆನ್ನು ಕೆಳಗಿಟ್ಟ.

"ಆಗೋದಿಲ್ಲ ಯಜಮಾನರೇ. ಅವನು ಬಂದದ್ದನ್ನ ನೋಡಿದ್ದೀನಿ, ಹೋದದ್ದನ್ನ ನೋಡಿಲ್ಲ. ಹೋಗದವನನ್ನ ಹೋದ ಅಂತ ಹೇಗೆ ಬರೀಲಿ?"

"ಹೋದದ್ದನ್ನ ನಾನು ನೋಡಿದ್ದೀನಿ" ಎಂದಿತು ಹಿಂದಿನ ಸಾಲಿನ ಒಂದು ದನಿ.

ಎಲ್ಲರೂ ತಿರುಗಿದರು. ನೋಡೋಣಪ್ಪನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಎದ್ದು ನಿಂತಿದ್ದಳು.

"ನಮ್ಮ ಹಿಂದಿನ ಬಾಗಿಲಿಂದ ಬಂದ. ಅರ್ಧ ಗಡ್ಡ, ಕಣ್ಣಲ್ಲಿ ನೀರು. 'ಅಕ್ಕಾ, ನಾನು ಟೈಪಿಸ್ಟು, ಮೂರು ದಿನ ರಜೆ ಹಾಕಿ ಬಂದಿದ್ದೆ, ನಾಳೆ ಹೋಗದಿದ್ರೆ ಕೆಲಸ ಹೋಗುತ್ತೆ. ಹೇಳೋಕೆ ಹೋದ್ರೆ ನಿರ್ದೇಶಕರು ಕಿರುಚ್ತಾರೆ, ಏನು ಮಾಡ್ಲಿ' ಅಂದ. ಹೋಗಪ್ಪ ಅಂದೆ. ಅರ್ಧ ಗಡ್ಡದಲ್ಲಿ ಆಫೀಸಿಗೆ ಹ್ಯಾಗೆ ಹೋಗ್ತಾನೆ ಅಂತ ಇವರ ಬ್ಲೇಡು ಕೊಟ್ಟೆ. ಊಟ ಹಾಕಿದೆ. ಎರಡನೇ ಸಲ ಸಾರು ಹಾಕಿಸ್ಕೊಂಡ."

ಅಧಿಕಾರಿಗಳು ಬಾಯಿ ತೆರೆಯುವ ಮೊದಲೇ ನೋಡೋಣಪ್ಪ ರಿಜಿಸ್ಟರನ್ನು ಎದೆಗವಚಿಕೊಂಡು ಅವಳ ಮುಂದೆ ಬಂದು ನಿಂತ. ಮುಖದಲ್ಲಿ ಗಂಡನ ಕಳೆ ಇರಲಿಲ್ಲ, ಗುಮಾಸ್ತನ ಕಳೆ ಇತ್ತು.

"ಹೊರಟ ಹೊತ್ತು?"

"ಆರೂಮುಕ್ಕಾಲಿನ ಬಸ್ಸು. ನಾನೇ ಹತ್ತಿಸಿದೆ."

"ಸಾಮಾನು?"

"ಒಂದು ಚೀಲ. ಟೋಪಿ ಸಿನಿಮಾದವರದ್ದು ಅಂತ ಅಲ್ಲೇ ಬಿಟ್ಟ."

"ಬೀಗದಕೈ?"

ಹೆಂಡತಿ ಮನೆಗೆ ಹೋಗಿ ಅಕ್ಕಿ ಡಬ್ಬಿಯಲ್ಲಿ ಕೈಯಾಡಿಸಿ ಬಂದಳು. ಹಿತ್ತಾಳೆಯ ಬಿಲ್ಲೆ ಕಟ್ಟಿದ ಬೀಗದಕೈ. ಬಿಲ್ಲೆಯ ಮೇಲೆ ಏಳು.

"ಇಷ್ಟು ವರ್ಷ ನಂಗೆ ಯಾಕೆ ಹೇಳ್ಲಿಲ್ಲ?" ಅವನ ದನಿ ಕಿರಿದಾಯಿತು.

"ಅವತ್ತೇ ಹೇಳೋಕೆ ಬಂದೆ. ನನ್ನ ಕೈ ಸಿನಿಮಾದಲ್ಲಿ ಬರುತ್ತೆ, ನನ್ನ ಕೈ ಸಿನಿಮಾದಲ್ಲಿ ಬರುತ್ತೆ ಅಂತ ತಿಂಗಳುಗಟ್ಟಲೆ ನಿಮ್ಮದು ಅದೇ ಪುರಾಣ. ನನ್ನ ಬಾಯಿಗೆ ಜಾಗ ಎಲ್ಲಿತ್ತು ಈ ಮನೇಲಿ?"

ನೋಡೋಣಪ್ಪ ಕೂತು ಬರೆದ. ದಿನ, ಹೊತ್ತು, ಬೀಗದಕೈ ಒಪ್ಪಿಸಿದೆ. ರುಜುವಿನ ಜಾಗದಲ್ಲಿ, ಹೋದದ್ದನ್ನು ಕಂಡವಳೆಂದು ಹೆಂಡತಿ ರುಜು ಹಾಕಿದಳು. ಅವಳ ಅಕ್ಷರ ಸೊಟ್ಟಗಿತ್ತು. ಅವನು ಅದನ್ನು ತಿದ್ದಲಿಲ್ಲ. ಅಧಿಕಾರಿಗಳು ಭೂತಗನ್ನಡಿ ಇಟ್ಟು ಓದಿ, ಫೈಲಿನ ಕೊನೆಗೆ 'ತನಿಖೆಯ ಫಲಿತಾಂಶ: ಊಟ ಮಾಡಿಕೊಂಡು ಹೋದ' ಎಂದು ಬರೆದು ಲೈಸೆನ್ಸಿಗೆ ಮೊಹರು ಒತ್ತಿದರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಸಾರು ಎರಡನೇ ಸಲ ಹಾಕಿಸ್ಕೊಂಡ ಅಂದ್ರಲ್ಲ, ಯಾವ ಸಾರು ಅದು?" ಎಂದು ಕೇಳಿ ತಿಳಿದುಕೊಂಡೇ ಹೊರಟರು.

ಯಜಮಾನರು ಗಾಜಿನ ಗೂಡಿನ ಬಾಗಿಲು ತೆರೆದರು. ನೋಡೋಣಪ್ಪ ಅಂಗಿಯ ಗುಂಡಿ ಹಾಕಿಕೊಂಡು ಸಿದ್ಧನಾಗಿ ನಿಂತ.

"ಏನಯ್ಯಾ, ಕುರ್ಚಿ ಕೊಡ್ತೀನಿ ಅಂದಿದ್ದೆ. ಕೊಡ್ತೀನಿ. ಬಂದವರನ್ನೆಲ್ಲ ಅಕ್ಷರದಲ್ಲಿ ಹಿಡಿದಿಡೋನು ನೀನು, ಸರಿ. ಆದ್ರೆ ಯಾರು ಯಾವ ಬಾಗಿಲಿಂದ ಹೋದ, ಯಾಕೆ ಹೋದ, ಹೊಟ್ಟೆ ತುಂಬಿತ್ತಾ ಇಲ್ವಾ, ಇಷ್ಟು ಗೊತ್ತಿರೋರು ಮ್ಯಾನೇಜರ್ ಆಗಬೇಕು." ಹೆಂಡತಿಯ ಕಡೆ ತಿರುಗಿದರು. "ಏನಮ್ಮಾ, ನಾಳೆಯಿಂದ ಬರ್ತೀಯಾ?"

ಮರುದಿನ ಬೆಳಗ್ಗೆ ಬಸ್ಸಿನಿಂದಿಳಿದ ಒಬ್ಬ ಸೂಟ್‌ಕೇಸು ಹಿಡಿದು ಬಂದು ಕೌಂಟರಿನ ಮುಂದೆ ನಿಂತ. ಸ್ಟೂಲಿನ ಮೇಲಿದ್ದ ಗುಮಾಸ್ತ ಪೆನ್ನು ಬಿಚ್ಚಿ, ಹೆಸರು, ಊರು, ಬಂದ ಕಾರಣ ಎಂದು ಕೇಳಿ ಮುತ್ತಿನಂತೆ ಬರೆದುಕೊಳ್ಳತೊಡಗಿದ. ಗಾಜಿನೊಳಗಿನಿಂದ ಚಕ್ರ ಉರುಳಿದ ಸದ್ದಾಯಿತು, ಹಿಂದೆಯೇ ದನಿ ಬಂತು.

"ರೀ, ಕಾರಣ ಆಮೇಲೆ ಬರ್ಕೊಳ್ಳಿ. ಮುಖ ನೋಡಿದ್ರೆ ಬೆಳಗಿಂದ ಏನೂ ತಿಂದಿಲ್ಲ. ಮೊದಲು ಅದನ್ನ ಕೇಳಿ."